ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ: ರೋಗ ಹುಡುಕಿದವರಿಗೆ ಕೂಲಿ ಎಲ್ಲಿ?

ಹೋದ ಮಳೆಗಾಲದ ಮಾತು. ಬೆಳಗ್ಗೆ 7 ಗಂಟೆಗೆ ಬನ್ನೂರು ಕಡೆ ಒಂದು ಸುದ್ದಿಗೆ ಹೊರಡಬೇಕಿತ್ತು. ಬೈಕಿನ ಕೀ ತಿರುಗಿಸಿ ಸೆಲ್ಫ್ ಒತ್ತಿದೆವು. ಕರ್ರ್ ಕರ್ರ್ ಕರ್ರ್. ಇಂಜಿನ್ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಮತ್ತೆ ಒತ್ತಿದೆವು, ಮತ್ತೆ ಒತ್ತಿದೆವು. ಹತ್ತು ನಿಮಿಷದಲ್ಲಿ ಬ್ಯಾಟರಿಯೂ ಸುಸ್ತಾಗಿ ಟಕ್ ಟಕ್ ಅನ್ನತೊಡಗಿತು. ಸುದ್ದಿ ತಪ್ಪಿತು. ಸುದ್ದಿ ಲೆಕ್ಕದಲ್ಲಿ ದುಡ್ಡು ಪಡೆಯುವ ಸ್ಟ್ರಿಂಗರ್‌ಗೆ ಸುದ್ದಿ ತಪ್ಪಿದರೆ ಆ ದಿನದ ಕೂಲಿಯೂ ತಪ್ಪಿದಂತೆ.

ಬೈಕನ್ನು ಗೂಡ್ಸ್ ಆಟೋಗೆ ಹೇರಿಕೊಂಡು ನಗರದ ಒಂದು ದೊಡ್ಡ ಸರ್ವೀಸ್ ಸೆಂಟರ್‌ಗೆ ಹೋದೆವು. ಮೊದಲ ದಿನ 'ಬ್ಯಾಟರಿ ಹೋಗಿದೆ' ಅಂದರು, ಹೊಸದು ಹಾಕಿದರು. ಎರಡನೇ ದಿನ 'ಪ್ಲಗ್ ನೋಡಿದ್ವಿ, ಫ್ಯುಯಲ್ ಪಂಪೂ ವೀಕಾಗಿದೆ' ಅಂದರು, ಎರಡೂ ಬದಲಾಯಿಸಿದರು. ಬಿಲ್ 7,460 ರೂಪಾಯಿ. ಗಾಡಿ ಸ್ಟಾರ್ಟ್ ಆಯಿತು. ಖುಷಿಯಾಗಿ ಮನೆಗೆ ತಂದು, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ ಮಲಗಿದೆವು. ಬೆಳಗ್ಗೆ ಎದ್ದು, ಲಾಕ್ ಬಿಚ್ಚಿ, ಹ್ಯಾಂಡಲ್ ಇದ್ದ ಹಾಗೇ ಸೆಲ್ಫ್ ಒತ್ತಿದರೆ ಅದೇ ಹಾಡು. ಕರ್ರ್ ಕರ್ರ್ ಕರ್ರ್.

ಮತ್ತೆ ಅಲ್ಲಿಗೆ ಹೋಗುವ ಶಕ್ತಿ ನಮ್ಮ ಜೇಬಿಗೆ ಇರಲಿಲ್ಲ. ಸ್ನೇಹಿತರೊಬ್ಬರು ಉದಯಗಿರಿಗೆ ಕರೆದುಕೊಂಡು ಹೋದರು. ಹತ್ತು ಅಡಿ ಅಗಲದ ಅಂಗಡಿ. ಐವತ್ತು ದಾಟಿದ ಉಸ್ತಾದ್, ಜೊತೆಗೆ ಒಬ್ಬ ಹುಡುಗ.

"ಕೀ ಆನ್ ಮಾಡಿ ಸಾ. ಸೆಲ್ಫ್ ಹೊಡೀಬೇಡಿ. ಸುಮ್ಕೆ ಕೇಳಿ."

ಕಿವಿಗೊಟ್ಟೆವು. ಏನೂ ಕೇಳಿಸಲಿಲ್ಲ.

"ಏನೂ ಕೇಳ್ತಿಲ್ಲ ಅಲ್ವಾ? ಕೀ ಹಾಕಿದ ತಕ್ಷಣ ಪಂಪ್ ಎರಡು ಸೆಕೆಂಡು ಗುಂಯ್ ಅನ್ಬೇಕು. ಅಂತಾ ಇಲ್ಲ."

"ಪಂಪ್ ಹೊಸದು ಸಾಬ್ರೇ. ಮೊನ್ನೆ ತಾನೇ ಹಾಕ್ಸಿದ್ದು."

"ಪಂಪ್ ಹೊಸದೇ ಸಾ. ಪಂಪಿಗೆ ಕರೆಂಟು ಬರ್ಬೇಕಲ್ಲ?"

ಒಂದು ಹಳೇ ಟೆಸ್ಟ್ ಲ್ಯಾಂಪ್ ಹಿಡಿದು ಕೂತರು. ಫ್ಯೂಸ್ ನೋಡಿದರು, ರಿಲೇ ನೋಡಿದರು, ಪಂಪಿನ ಸಾಕೆಟ್ ನೋಡಿದರು. ನಲವತ್ತು ನಿಮಿಷ. ಕೊನೆಗೆ ಹುಡುಗನಿಗೆ ಹ್ಯಾಂಡಲ್ ಎಡಕ್ಕೆ, ಬಲಕ್ಕೆ ತಿರುಗಿಸು ಅಂದರು. ಎಡಕ್ಕೆ ತಿರುಗಿಸಿದರೆ ಲ್ಯಾಂಪ್ ಆರುತ್ತದೆ, ನೇರ ಮಾಡಿದರೆ ಉರಿಯುತ್ತದೆ. ಹ್ಯಾಂಡಲ್ ಕತ್ತಿನ ಹತ್ತಿರ ಕಿಲ್ ಸ್ವಿಚ್ಚಿನ ಒಂದು ವೈರು ಫ್ರೇಮಿಗೆ ಉಜ್ಜಿ ಉಜ್ಜಿ ಒಳಗೇ ತುಂಡಾಗಿತ್ತು. ಪಂಪಿಗೆ ಕರೆಂಟು ಹೋಗುವುದು ಆ ದಾರಿಯಲ್ಲಿ. ನಮ್ಮ ಗಾಡಿಯಲ್ಲಿ ಸೆಲ್ಫಿಗೆ ಕರೆಂಟು ಹೋಗುವ ದಾರಿ ಬೇರೆ. ಅದಕ್ಕೇ ಸೆಲ್ಫ್ ಹೊಡೆಯುತ್ತಿತ್ತು, ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಸರ್ವೀಸ್ ಸೆಂಟರ್‌ನಲ್ಲಿ ಹ್ಯಾಂಡಲ್ ನೇರ ಇತ್ತು. ಪಂಪ್ ಬದಲಾಯಿಸಿದ್ದಕ್ಕೇ ಸರಿಹೋಯಿತು ಅಂದುಕೊಂಡರು.

ವೈರು ಬೆಸುಗೆ ಹಾಕಿ, ಟೇಪ್ ಸುತ್ತಿ, "ನೂರೈವತ್ತು ಕೊಡಿ ಸಾ" ಅಂದರು.

7,460 ರೂಪಾಯಿಯನ್ನು ಬಾಯಿ ಮುಚ್ಚಿಕೊಂಡು ಕಟ್ಟಿದ್ದ ನಮ್ಮ ಬಾಯಿಂದ ಬಂದ ಮಾತು ಇದು: "ಒಂದು ವೈರ್ ಸುತ್ತಿದ್ದಕ್ಕೆ ನೂರೈವತ್ತಾ?"

ಅವರು ಏನೂ ಹೇಳಲಿಲ್ಲ. ಐವತ್ತು ವಾಪಸ್ ಕೊಟ್ಟು ಮುಂದಿನ ಗಾಡಿ ಹತ್ತಿರ ಹೋಗಿ ಕೂತರು.

ಈ ಲೇಖನ ಆ ಐವತ್ತು ರೂಪಾಯಿಯ ಬಗ್ಗೆ.

ನಮ್ಮ ವಾದ

ಸೆಲ್ಫ್ ಹೊಡೆದೂ ಸ್ಟಾರ್ಟ್ ಆಗದ ಗಾಡಿಗೆ ಮೊದಲು ಬೇಕಾಗಿರುವುದು ಹುಡುಕುವ ಕೆಲಸ. ಬದಲಾಯಿಸುವ ಕೆಲಸ ಆಮೇಲಿನದು. ಆದರೆ ಇವತ್ತು ಹುಡುಕುವ ಕೆಲಸಕ್ಕೆ ಎರಡು ಕಡೆಯಿಂದ ಏಟು ಬೀಳುತ್ತಿದೆ. ಕಂಪನಿಗಳು ಅದಕ್ಕೆ ಬೇಕಾದ ಮಾಹಿತಿಗೆ ಬೀಗ ಹಾಕಿ ಇಟ್ಟಿವೆ. ಗಾಡಿ ಮಾಲೀಕರಾದ ನಾವು ಅದಕ್ಕೆ ಕೂಲಿ ಕೊಡಲು ಒಪ್ಪುವುದಿಲ್ಲ. ಈ ಎರಡರ ನಡುವೆ ಸಿಕ್ಕ ಮೆಕ್ಯಾನಿಕ್ ಅಂದಾಜಿನ ಮೇಲೆ ಪಾರ್ಟ್ಸ್ ಬದಲಾಯಿಸುತ್ತಾ ಹೋಗುತ್ತಾನೆ. ಬಿಲ್ ಮಾತ್ರ ಹಾಲಿನ ಕ್ಯಾನ್ ಹೊತ್ತು ತರುವವನ, ಸೊಪ್ಪು ಮಾರುವವಳ, ಆಟೋ ಓಡಿಸುವವನ ತಲೆಗೆ.

ಇದಕ್ಕೆ ಉದಯಗಿರಿಯನ್ನೇ ಯಾಕೆ ಹೇಳುತ್ತಿದ್ದೇವೆ? ಮೈಸೂರಿನ ನರಸಿಂಹರಾಜ ಕ್ಷೇತ್ರದ ಈ ಬಡಾವಣೆಯ ಹೆಸರು ಹೊರಗಿನವರಿಗೆ ಕೇಳಿಸುವುದು ಗಲಾಟೆ ಆದಾಗ ಮಾತ್ರ. 2025ರ ಫೆಬ್ರವರಿ 10ರ ರಾತ್ರಿ ಇಲ್ಲಿನ ಪೊಲೀಸ್ ಠಾಣೆ ಮೇಲೆ ಕಲ್ಲು ಬಿದ್ದಾಗ ಟಿವಿ ವ್ಯಾನುಗಳು ಸಾಲುಗಟ್ಟಿ ನಿಂತವು. ಮೈಕ್ ಹಿಡಿದವರಲ್ಲಿ ನಮ್ಮಂಥ ಸ್ಟ್ರಿಂಗರುಗಳೂ ಇದ್ದರು. ಆ ವಾರ ಕಳೆದ ಮೇಲೆ ವ್ಯಾನುಗಳೂ ಹೋದವು, ನಾವೂ ಹೋದೆವು. ಇಲ್ಲಿ ದಿನ ಬೆಳಗಾದರೆ ಷಟರ್ ಎತ್ತಿ, ಸುತ್ತಲಿನ ಹಳ್ಳಿಗಳ ಗಾಡಿ ರಿಪೇರಿ ಮಾಡಿ ಕಳಿಸುವವರ ಸುದ್ದಿಯನ್ನು ಯಾರೂ ಬರೆಯಲಿಲ್ಲ. ಅದೂ ಸುದ್ದಿಯೇ. ನಿಮ್ಮ ಊರಿನ ಗಾಡಿ ಓಡಬೇಕೋ ನಿಲ್ಲಬೇಕೋ ಅನ್ನುವುದು ತೀರ್ಮಾನವಾಗುವುದು ಇಂಥ ಅಂಗಡಿಗಳಲ್ಲಿ.

ಷಟರ್ ಎಳೆದಾಗ ಒಂದು ಕಾಲ, ಎತ್ತಿದಾಗ ಇನ್ನೊಂದು

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಎಲ್ಲ ಅಂಗಡಿಗಳ ಷಟರ್ ಕೆಳಗೆ ಬಿತ್ತು. ಒಂದು ವಾರ ಕಳೆದು, ಏಪ್ರಿಲ್ 1ಕ್ಕೆ, ದೇಶದಾದ್ಯಂತ ಬಿಎಸ್-6 ನಿಯಮ ಬಂತು. ಬಿಎಸ್-4 ಗಾಡಿಗಳನ್ನು 2020ರ ಮಾರ್ಚ್ 31ರ ನಂತರ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲೇ ಹೇಳಿತ್ತು. ಹೊಗೆ ಕಡಿಮೆಯಾಗಬೇಕು, ಮಕ್ಕಳ ಶ್ವಾಸಕೋಶ ಉಳಿಯಬೇಕು. ಆ ನಿಯಮದ ಬಗ್ಗೆ ನಮ್ಮ ತಕರಾರಿಲ್ಲ.

ಆದರೆ ಆ ಒಂದು ನಿಯಮದಿಂದ ಸಣ್ಣ ಬೈಕು, ಸ್ಕೂಟರುಗಳ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಹಳೇ ಗಾಡಿಯಲ್ಲಿ ಪೆಟ್ರೋಲ್ ತಾನಾಗಿ ಕೆಳಗಿಳಿದು ಕಾರ್ಬೊರೇಟರ್ ಸೇರುತ್ತಿತ್ತು. ಕೆಟ್ಟರೆ ಬಿಚ್ಚಿ, ಜೆಟ್ ಊದಿ, ಸ್ಕ್ರೂ ತಿರುಗಿಸಿ ಕಿವಿಯಲ್ಲೇ ಟ್ಯೂನ್ ಮಾಡಬಹುದಿತ್ತು. ಹೊಸ ಗಾಡಿಯಲ್ಲಿ ಟ್ಯಾಂಕಿನೊಳಗೆ ಕರೆಂಟಿನ ಪಂಪಿದೆ. ಎಷ್ಟು ಪೆಟ್ರೋಲ್ ಚಿಮ್ಮಬೇಕು, ಯಾವಾಗ ಕಿಡಿ ಹೊಡೆಯಬೇಕು ಅಂತ ಇಸಿಯು ಅನ್ನುವ ಸಣ್ಣ ಕಂಪ್ಯೂಟರ್ ಹೇಳುತ್ತದೆ. ಅದಕ್ಕೆ ಸುದ್ದಿ ಮುಟ್ಟಿಸಲು ನಾಲ್ಕಾರು ಸೆನ್ಸರುಗಳಿವೆ. ಒಂದು ಸುದ್ದಿ ತಪ್ಪಿದರೂ ಇಸಿಯು ಕಿಡಿ ನಿಲ್ಲಿಸಬಹುದು, ಪೆಟ್ರೋಲ್ ನಿಲ್ಲಿಸಬಹುದು. ಆಗ ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ.

ಮೂವತ್ತು ವರ್ಷ ಕಾರ್ಬೊರೇಟರ್ ಊದಿದ ಉಸ್ತಾದ್ ಲಾಕ್‌ಡೌನ್ ಮುಗಿದು ಷಟರ್ ಎತ್ತುವ ಹೊತ್ತಿಗೆ ಷೋರೂಮಿನಲ್ಲಿ ಬೇರೆಯದೇ ಗಾಡಿ ನಿಂತಿತ್ತು. ಅವರಿಗೆ ಕಂಪನಿಯವರು ತರಬೇತಿ ಕೊಟ್ಟರಾ? ಪುಸ್ತಕ ಕೊಟ್ಟರಾ? ವೈರಿಂಗ್ ನಕ್ಷೆ ಕೊಟ್ಟರಾ? ಕನ್ನಡದಲ್ಲಿ ಒಂದು ಹಾಳೆ ಕೊಟ್ಟರಾ? ನಾವು ಕೇಳಿದ ಅಂಗಡಿಗಳಲ್ಲೆಲ್ಲ ಉತ್ತರ ಒಂದೇ: ಯೂಟ್ಯೂಬ್ ನೋಡಿ ಕಲಿತೆವು.

ಗಾಡಿ ನಮ್ಮದು, ಕೋಡ್ ಅವರದ್ದಾ?

ಗಾಡಿಗೆ ಏನು ತೊಂದರೆಯಾಗಿದೆ ಅನ್ನುವುದನ್ನು ಹೊಸ ಗಾಡಿ ಎಷ್ಟೋ ಸಲ ತಾನೇ ಬರೆದಿಟ್ಟುಕೊಂಡಿರುತ್ತದೆ. ಇದಕ್ಕೆ ಓಬಿಡಿ ಅನ್ನುತ್ತಾರೆ. ನಮ್ಮ ಬೈಕುಗಳಿಗೆ ಇದರ ಮೊದಲ ಹಂತ ಬಂದಿದ್ದು 2020ರ ಏಪ್ರಿಲ್‌ನಲ್ಲಿ, ಬಿಎಸ್-6 ಜೊತೆಗೇ. ಎರಡನೇ ಹಂತ 2023ರ ಏಪ್ರಿಲ್‌ನಿಂದ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಉರಿದರೆ, ಒಳಗೆ ಒಂದು ಕೋಡ್ ಬರೆದಿದೆ ಅಂತ ಅರ್ಥ.

ಕಾರಿಗಾದರೆ ಸ್ಟೇರಿಂಗ್ ಕೆಳಗೆ 16 ತೂತಿನ ಒಂದೇ ನಮೂನೆಯ ಸಾಕೆಟ್ ಇರುತ್ತದೆ. ಸಾವಿರ ರೂಪಾಯಿಯೊಳಗಿನ ಸಣ್ಣ ರೀಡರ್ ಚುಚ್ಚಿ, ಮೊಬೈಲಿನಲ್ಲೇ ಸಾಮಾನ್ಯ ಕೋಡುಗಳನ್ನು ಓದಬಹುದು. ಪಿ0335 ಅಂತ ಬಂದರೆ ಕ್ರ್ಯಾಂಕ್ ಸೆನ್ಸರ್ ದಾರಿಯಲ್ಲಿ ತೊಂದರೆ ಎಂದು ಅರ್ಥ. ಆ ಸೆನ್ಸರ್ ಸುದ್ದಿ ಕೊಡದಿದ್ದರೆ ಇಂಜಿನ್ ತಿರುಗುತ್ತಿದೆ ಅನ್ನುವುದೇ ಇಸಿಯುಗೆ ಗೊತ್ತಾಗದೆ, ಕಿಡಿಯೂ ಬರಲ್ಲ, ಪೆಟ್ರೋಲೂ ಬರಲ್ಲ. ಆದರೆ ಕೋಡ್ ಅಂದರೆ ತೀರ್ಪಲ್ಲ. 'ಸೆನ್ಸರ್ ಬದಲಾಯಿಸಿ' ಅಂತ ಅದು ಹೇಳುವುದಿಲ್ಲ. ಆ ದಾರಿಯಲ್ಲಿ ಹುಡುಕಿ ಅನ್ನುತ್ತದೆ, ಅಷ್ಟೇ. ಇಲಿ ಕಡಿದ ವೈರಿರಬಹುದು, ನೀರು ಹೋದ ಸಾಕೆಟ್ ಇರಬಹುದು, ಸೆನ್ಸರ್ರೇ ಕೆಟ್ಟಿರಬಹುದು.

ಬೈಕಿನ ಕಥೆ ಬೇರೆ. ಸಾಕೆಟ್ ಕಾರಿನಂತಿಲ್ಲ. ಕಾರಿನ ಅಗ್ಗದ ರೀಡರ್ ಅದಕ್ಕೆ ನೇರವಾಗಿ ಕೂರುವುದಿಲ್ಲ. ಪೂರ್ತಿ ವಿವರ ಕೊಡುವ ಯಂತ್ರ ಆಯಾ ಕಂಪನಿಯ ಸರ್ವೀಸ್ ಸೆಂಟರ್‌ನಲ್ಲಿ. ಎಲ್ಲ ಕಂಪನಿಗೂ ಆಗುವ ಹೊರಗಿನ ಸ್ಕ್ಯಾನರ್ ಬೇಕು ಅಂದರೆ ಸಾವಿರಾರು ರೂಪಾಯಿ, ಮೇಲೆ ಅಪ್‌ಡೇಟ್ ಖರ್ಚು. ದಿನಕ್ಕೆ ನಾಲ್ಕು ಪಂಕ್ಚರ್, ಎರಡು ಆಯಿಲ್ ಚೇಂಜ್ ಮಾಡುವ ಅಂಗಡಿಯವರು ಎಲ್ಲಿಂದ ತರಬೇಕು?

ಈಗ ನೀವೇ ಹೇಳಿ. ಗಾಡಿಗೆ ಲಕ್ಷ ರೂಪಾಯಿ ಕೊಟ್ಟವರು ನಾವು. ಆರ್‌ಸಿ ಬುಕ್ಕಿನಲ್ಲಿ ಹೆಸರು ನಮ್ಮದು. ಅದರೊಳಗೆ ಬರೆದಿರುವ ರೋಗದ ಚೀಟಿ ಓದಲು ಕಂಪನಿಯ ಬಾಗಿಲಿಗೇ ಹೋಗಬೇಕಾ? ಹೊಲ ನಮ್ಮದು, ಪಹಣಿ ನೋಡುವ ಹಕ್ಕು ಮಾತ್ರ ಬೀಜದ ಕಂಪನಿಗೆ ಅಂದರೆ ಒಪ್ಪುತ್ತೀರಾ?

ಆದೇಶ ಬಂದು ವರ್ಷಗಳಾದವು

ಇದು ಹೊಸ ಜಗಳವಲ್ಲ. ಒಬ್ಬ ಗ್ರಾಹಕರು 2011ರಲ್ಲಿ ಕೊಟ್ಟ ದೂರಿನ ಮೇಲೆ, ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು, ರೋಗ ಪತ್ತೆ ಮಾಡುವ ಸಲಕರಣೆಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆಯಬಾರದು ಎಂದು ಹೇಳಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವ ಷರತ್ತು ಹಾಕಬಾರದು ಎಂದೂ ಹೇಳಿತು.

ಕಂಪನಿಗಳು ಮೇಲ್ಮನವಿ, ಹೈಕೋರ್ಟ್ ಅಂತ ಹೋದವು. ವರ್ಷಗಳು ಉರುಳಿದವು. ಇನ್ನೊಂದು ವಿಷಯ ಗಮನಿಸಿ: ಆ ಆದೇಶ ಕಾರು ಕಂಪನಿಗಳ ಮೇಲೆ. ಹಳ್ಳಿಯಲ್ಲಿ ಹೆಚ್ಚು ಓಡುವ ಬೈಕು, ಸ್ಕೂಟರ್, ಟ್ರ್ಯಾಕ್ಟರ್ ಆ ಕೇಸಿನಲ್ಲಿ ಇರಲೇ ಇಲ್ಲ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಹಕ್ಕು' ಕುರಿತು ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆ ವಸ್ತು, ವಾಹನ, ಈ ನಾಲ್ಕು ಕ್ಷೇತ್ರಗಳನ್ನು ಹೆಸರಿಸಿತು. ಆ ವರ್ಷದ ಡಿಸೆಂಬರ್ 24ಕ್ಕೆ, ರಾಷ್ಟ್ರೀಯ ಗ್ರಾಹಕ ದಿನದಂದು, ಒಂದು ಪೋರ್ಟಲ್ ಶುರುವಾಯಿತು. ಒಳ್ಳೆಯದೇ. ಆದರೆ ಕಂಪನಿ ಕೊಡಲೇಬೇಕು, ಕೊಡದಿದ್ದರೆ ಶಿಕ್ಷೆ ಅನ್ನುವ ಪ್ರತ್ಯೇಕ ಕಾನೂನು ಬಂದಿಲ್ಲ. ಉದಯಗಿರಿಯ ಉಸ್ತಾದ್‌ಗೆ ಪೋರ್ಟಲ್‌ನಿಂದ ಇಂದಿಗೂ ಒಂದು ವೈರಿಂಗ್ ನಕ್ಷೆ ಕನ್ನಡದಲ್ಲಿ ಸಿಕ್ಕಿಲ್ಲ.

'ನಮ್ಮ ಟ್ರ್ಯಾಕ್ಟರಿಗೆ ಇದೆಲ್ಲ ಇಲ್ಲ ಬಿಡಿ' ಅನ್ನುವವರು ಸ್ವಲ್ಪ ತಾಳಿ. 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದು, ಅವುಗಳಿಗೂ ಕಂಪ್ಯೂಟರ್ ಇಳಿಯುತ್ತಿದೆ. ಮುಂದೇನಾಗುತ್ತದೆ ಅಂತ ನೋಡಲು ಅಮೆರಿಕದ ಕಡೆ ನೋಡಿದರೆ ಸಾಕು. ಅಲ್ಲಿ ಜಾನ್ ಡಿಯರ್ ಕಂಪನಿಯ ಟ್ರ್ಯಾಕ್ಟರ್ ಕೊಂಡ ರೈತರು ತಮ್ಮ ಯಂತ್ರ ತಾವೇ ರಿಪೇರಿ ಮಾಡಿಕೊಳ್ಳಲು ಸಾಫ್ಟ್‌ವೇರ್ ಸಿಗದೆ ವರ್ಷಗಟ್ಟಲೆ ಬಡಿದಾಡಿದರು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿ ಮೇಲೆ ಕೇಸು ಹಾಕಿತು. ಅದೇ ದೇಶದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ, ವಾಹನ ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಲಿ ಎಂದು ಕಾನೂನು ತಂದುಕೊಂಡರು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಕಂಪನಿಯವರ ಮಾತು

ಕಂಪನಿಗಳು ಹೇಳುವುದನ್ನೂ ಕೇಳೋಣ. 'ಕಂಡಕಂಡವರ ಕೈಗೆ ಸಾಫ್ಟ್‌ವೇರ್ ಕೊಟ್ಟರೆ ಹೊಗೆ ನಿಯಮ ಕೆಡಿಸುತ್ತಾರೆ, ಕಳ್ಳರು ಕೀ ಮಾಡಿಕೊಳ್ಳುತ್ತಾರೆ, ಅಪಘಾತವಾದರೆ ಹೆಸರು ನಮ್ಮದು ಹಾಳಾಗುತ್ತದೆ.'

ಈ ಭಯ ಪೂರ್ತಿ ಸುಳ್ಳಲ್ಲ. ಆದರೆ ನಾವು ಕೇಳುತ್ತಿರುವುದು ಓದುವ ಹಕ್ಕು. ತಿದ್ದುವ ಹಕ್ಕಲ್ಲ. ರಕ್ತ ಪರೀಕ್ಷೆಯ ವರದಿ ಓದಿದ ಮಾತ್ರಕ್ಕೆ ಯಾರೂ ಆಪರೇಷನ್ ಮಾಡುವುದಿಲ್ಲ. ಕಳ್ಳತನ ತಡೆಯುವ ಕೀ ಸಾಫ್ಟ್‌ವೇರನ್ನು ಬೀಗ ಹಾಕಿ ಇಟ್ಟುಕೊಳ್ಳಿ. ಪಂಪಿಗೆ ಕರೆಂಟು ಯಾವ ಬಣ್ಣದ ವೈರಿನಲ್ಲಿ ಹೋಗುತ್ತದೆ ಅನ್ನುವುದು ಗುಟ್ಟಾ? ಕೋಡಿನ ಅರ್ಥ ಗುಟ್ಟಾ? ಇನ್ನು ಹೆಸರು ಹಾಳಾಗುವ ಮಾತು. ಬಿಳಿ ಟೈಲ್ಸ್ ಹಾಕಿದ ಸರ್ವೀಸ್ ಸೆಂಟರ್‌ನಲ್ಲಿ, ಸ್ಕ್ಯಾನರ್ ಕೈಯಲ್ಲಿದ್ದೂ, ನಮ್ಮ ಒಳ್ಳೇ ಪಂಪ್ ಬಿಚ್ಚಿ ಎಸೆದರಲ್ಲ, ಅಲ್ಲಿ ಯಾರ ಹೆಸರು ಉಳಿಯಿತು? ಯಂತ್ರ ಇದ್ದರೂ ಹುಡುಕುವ ಮನಸ್ಸು ಇರದಿದ್ದರೆ ಅಂದಾಜೇ ಗತಿ.

ಸಾಬರಿಗೂ ಎರಡು ಮಾತು

ಬೀದಿ ಮೆಕ್ಯಾನಿಕ್‌ಗಳೆಲ್ಲ ಸತ್ಯಹರಿಶ್ಚಂದ್ರರು ಅಂತ ನಾವು ಹೇಳುತ್ತಿಲ್ಲ. ಮೀಟರ್ ಇಟ್ಟು ನೋಡದೆ 'ಇಸಿಯು ಹೋಗಿದೆ' ಅನ್ನುವವರಿದ್ದಾರೆ. ಹಳೇ ಪಾರ್ಟ್ ವಾಪಸ್ ಕೊಡದವರಿದ್ದಾರೆ. ಸೈಡ್ ಸ್ಟ್ಯಾಂಡ್ ಸ್ವಿಚ್ ಕತ್ತರಿಸಿ ವೈರ್ ಕೂಡಿಸಿ 'ಸರಿಯಾಯ್ತು' ಅನ್ನುವವರಿದ್ದಾರೆ. ಸ್ಟ್ಯಾಂಡ್ ತೆಗೆಯದೆ ಓಡಿಸಿ ತಿರುವಿನಲ್ಲಿ ಬಿದ್ದವರ ಸುದ್ದಿ ಬರೆದವರು ನಾವೇ. ಉಸ್ತಾದ್ ಹೇಳಿಕೊಟ್ಟಿದ್ದು ಇಷ್ಟೇ ಅಂತ ಹೊಸದು ಕಲಿಯದೆ ಕೂತರೆ, ಕಂಪನಿ ಬಾಗಿಲು ತೆರೆದ ದಿನವೂ ಒಳಗೆ ಹೋಗಲು ಆಗುವುದಿಲ್ಲ.

ಆದರೆ ಅವರು ಹೀಗೆ ಮಾಡುವುದರಲ್ಲಿ ನಮ್ಮ ಪಾಲೂ ಇದೆ. ನಲವತ್ತು ನಿಮಿಷ ಹುಡುಕಿ ವೈರ್ ಸರಿಮಾಡಿದರೆ ನೂರೈವತ್ತಕ್ಕೆ ಚೌಕಾಸಿ. ಹತ್ತು ನಿಮಿಷದಲ್ಲಿ ಮೂರು ಸಾವಿರದ ಪಾರ್ಟ್ ಬದಲಾಯಿಸಿದರೆ ತಕರಾರಿಲ್ಲದೆ ದುಡ್ಡು, ಅದರಲ್ಲಿ ಅವರಿಗೆ ಕಮಿಷನ್ನೂ ಇರುತ್ತದೆ. ಹಾಗಿದ್ದ ಮೇಲೆ ಯಾರು ಕೂತು ಹುಡುಕುತ್ತಾರೆ? ಕಣ್ಣಿಗೆ ಕಾಣುವ ವಸ್ತುವಿಗೆ ದುಡ್ಡು ಕೊಟ್ಟು, ಕಾಣದ ವಿದ್ಯೆಗೆ ಕೊಡದಿದ್ದರೆ, ಊರಿನಲ್ಲಿ ವಿದ್ಯೆ ಉಳಿಯುವುದಿಲ್ಲ.

ಅಂಗಡಿಗೆ ಹೋಗುವ ಮುಂಚೆ

ಗಾಡಿ ಮಾಲೀಕರಿಗೆ ಒಂದಿಷ್ಟು ಗೊತ್ತಿದ್ದರೆ ಅಂದಾಜಿನ ಆಟ ಅರ್ಧ ನಿಲ್ಲುತ್ತದೆ. ಇವು ಬೈಕು, ಕಾರು ಎರಡಕ್ಕೂ ಸುಮಾರಾಗಿ ಹೊಂದುತ್ತವೆ.

ಮೊದಲು, ಸೆಲ್ಫನ್ನು ಒಂದೇ ಸಮ ಒತ್ತಬೇಡಿ. ಐದು ಸೆಕೆಂಡು ಒತ್ತಿ, ಅರ್ಧ ನಿಮಿಷ ಬಿಡಿ. ಮೂರು ಸಲಕ್ಕೆ ಆಗದಿದ್ದರೆ ನಿಲ್ಲಿಸಿ. ಇಲ್ಲದಿದ್ದರೆ ಬ್ಯಾಟರಿ ಇಳಿದು, ಒಂದು ರೋಗದ ಜಾಗದಲ್ಲಿ ಎರಡಾಗುತ್ತದೆ. ನಾವು ಮಾಡಿದ ಮೊದಲ ತಪ್ಪು ಅದೇ.

ಎರಡನೆಯದು, ಪುಕ್ಕಟೆ ಪರೀಕ್ಷೆಗಳು. ಪೆಟ್ರೋಲ್ ಇದೆಯಾ? ಮೀಟರಿನ ಮುಳ್ಳು ನಂಬಬೇಡಿ, ಅಲುಗಾಡಿಸಿ ನೋಡಿ. ಕಿಲ್ ಸ್ವಿಚ್ ಮಕ್ಕಳು ಒತ್ತಿದ್ದಾರಾ? ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲಿದೆಯಾ? ಗಾಡಿ ಬಿದ್ದಿತ್ತಾ? ಬಿದ್ದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಹಲವು ಗಾಡಿಗಳಲ್ಲಿದೆ. ಗಾಡಿ ನೇರ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಕಾರಿನ ಮೀಟರಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡಿ.

ಮೂರನೆಯದು, ಕೀ ಆನ್ ಮಾಡಿ ನೋಡಿ, ಕೇಳಿ. ಇಂಜಿನ್ ಚಿತ್ರದ ದೀಪ ಉರಿಯಬೇಕು. ಉರಿಯದಿದ್ದರೆ ಇಸಿಯುಗೇ ಕರೆಂಟು ಇಲ್ಲದಿರಬಹುದು, ಮೊದಲು ಫ್ಯೂಸ್ ನೋಡಿ. ಇಂಜೆಕ್ಷನ್ ಪೆಟ್ರೋಲ್ ಗಾಡಿಯಾದರೆ ಪಂಪ್ ಗುಂಯ್ ಅನ್ನಬೇಕು. ಅನ್ನದಿದ್ದರೆ ಪಂಪ್ ಕೆಟ್ಟಿದೆ ಅಂತಲ್ಲ. ಫ್ಯೂಸ್, ರಿಲೇ, ವೈರ್, ಆಮೇಲೆ ಪಂಪ್, ಈ ಸಾಲಿನಲ್ಲಿ ಹುಡುಕಬೇಕು.

ನಾಲ್ಕನೆಯದು, ಕಿಡಿ. ಪ್ಲಗ್ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡುವ ಹಳೇ ಅಭ್ಯಾಸ ಬಿಡಿ. ಸಾವಿರಾರು ವೋಲ್ಟ್ ಅದು, ಪಕ್ಕದಲ್ಲೇ ಪೆಟ್ರೋಲ್ ಹಬೆ. ಸ್ಪಾರ್ಕ್ ಟೆಸ್ಟರ್ ಇಟ್ಟು ನೋಡುವಂತೆ ಮೆಕ್ಯಾನಿಕ್‌ಗೆ ಹೇಳಿ. ಕಿಡಿಯೂ ಇಲ್ಲ, ಪೆಟ್ರೋಲೂ ಚಿಮ್ಮುತ್ತಿಲ್ಲ ಅಂದರೆ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಬೇಕು. ಗಾಡಿ ಬಿಸಿಯಾದಾಗ ನಿಂತು, ಆರಿದ ಮೇಲೆ ಸ್ಟಾರ್ಟ್ ಆಗುತ್ತಿದ್ದರೆ ಅನುಮಾನ ಅದರ ಮೇಲೇ ಹೆಚ್ಚು.

ಐದನೆಯದು, ಬ್ಯಾಟರಿ. ಮಲ್ಟಿಮೀಟರ್ ಇಟ್ಟು ಸೆಲ್ಫ್ ಹೊಡೆದಾಗ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ, ಅಥವಾ ಟರ್ಮಿನಲ್ ಸಡಿಲ. ಬ್ಯಾಟರಿ ಪೂರ್ತಿ ಸತ್ತ ಇಂಜೆಕ್ಷನ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುವುದು ಹೆಚ್ಚಿನ ಸಲ ವ್ಯರ್ಥ. ಪಂಪಿಗೂ ಇಸಿಯುಗೂ ಕರೆಂಟು ಬೇಕು.

ಆರನೆಯದು, ನೀರು. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆ ನೀರು ಟ್ಯಾಂಕಿಗೆ ಇಳಿದು ಮಿತಿ ಮೀರಿದರೆ ಎಥನಾಲ್, ನೀರು ಎರಡೂ ಕೂಡಿ ತಳ ಸೇರುತ್ತವೆ. ಪಂಪ್ ಹೀರುವುದು ತಳದಿಂದಲೇ. ಪ್ಲಗ್, ಪಂಪ್ ಬದಲಾಯಿಸುವ ಮೊದಲು ಟ್ಯಾಂಕಿನ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ತೆಗೆದು ನೋಡಿ. ಎರಡು ಪದರ ಕಂಡರೆ ರೋಗ ಸಿಕ್ಕಿತು. ಬೆಂಕಿ, ಬೀಡಿ ಹತ್ತಿರ ಬೇಡ.

ಡೀಸೆಲ್ ಟ್ರ್ಯಾಕ್ಟರಾದರೆ, ಎಣ್ಣೆ ಖಾಲಿಯಾಗಿ ಮತ್ತೆ ತುಂಬಿಸಿದ ಮೇಲೆ ಹೀಗಾದರೆ ಪೈಪಿನಲ್ಲಿ ಏರ್ ಹಿಡಿದಿರುತ್ತದೆ. ಕೈ ಪಂಪ್ ಒತ್ತಿ ಏರ್ ತೆಗೆಯಿರಿ. ಕಾರಿನಲ್ಲಿ ಇಂಜಿನ್ ಯಾವತ್ತಿಗಿಂತ ಹಗುರಾಗಿ, ಜೋರಾಗಿ ಸುತ್ತಿದ ಸದ್ದು ಬಂದರೆ ತಕ್ಷಣ ಬಿಡಿ. ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಮತ್ತೆ ಮತ್ತೆ ಹೊಡೆದರೆ ವಾಲ್ವ್‌ಗಳೂ ಹೋಗುತ್ತವೆ.

ನಾವು ಕೇಳುವುದು

ಕಂಪನಿಗಳನ್ನು: ನೀವು ಮಾರುವ ಪ್ರತಿ ಮಾಡೆಲ್‌ನ ವೈರಿಂಗ್ ನಕ್ಷೆ, ಕೋಡುಗಳ ಅರ್ಥ, ಹಂತ ಹಂತದ ಪರೀಕ್ಷೆ ಕನ್ನಡದಲ್ಲಿ ಬಹಿರಂಗವಾಗಿ ಇಡಿ. ಜಾಹೀರಾತು ಕನ್ನಡದಲ್ಲಿ ಕೊಡಲು ಬರುತ್ತದೆ, ಇದೂ ಬರುತ್ತದೆ.

ಕೇಂದ್ರ ಸರ್ಕಾರವನ್ನು: ರಿಪೇರಿ ಹಕ್ಕಿಗೆ ಪೋರ್ಟಲ್ ಸಾಲದು, ಕಾನೂನು ಬೇಕು. ಅದರಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಇರಲೇಬೇಕು.

ರಾಜ್ಯ ಸರ್ಕಾರವನ್ನು: ಐಟಿಐಗಳಲ್ಲಿ ಸಂಜೆ ಹೊತ್ತು ಬೀದಿ ಮೆಕ್ಯಾನಿಕ್‌ಗಳಿಗೆ ತರಗತಿ ನಡೆಸಿ. ಹಗಲು ಅಂಗಡಿ ಮುಚ್ಚಿದರೆ ಅವರ ಒಲೆ ಹತ್ತುವುದಿಲ್ಲ. ಹತ್ತು ಅಂಗಡಿಗೆ ಒಂದರಂತೆ ಸ್ಕ್ಯಾನರ್ ಕೊಳ್ಳಲು ಸಾಲ ಕೊಡಿ. ಉದಯಗಿರಿಯಲ್ಲಿ ಇದನ್ನು ಮೊದಲು ಮಾಡಿ ತೋರಿಸಿ.

ಮೆಕ್ಯಾನಿಕ್‌ಗಳನ್ನು: ಪರೀಕ್ಷೆ ಮಾಡಿದ ಮೇಲೆ ಪಾರ್ಟ್. ಹಳೇ ಪಾರ್ಟ್ ವಾಪಸ್. ಹುಡುಕಿದ ಕೂಲಿ ಇಷ್ಟು ಅಂತ ಬೋರ್ಡಿನಲ್ಲಿ ಬರೆದು ಹಾಕಿ, ನಾಚಿಕೆ ಬೇಡ.

ಓದುಗರಾದ ನಿಮ್ಮನ್ನು: 'ಯಾಕೆ ಬದಲಾಯಿಸುತ್ತಿದ್ದೀರಿ, ಏನು ನೋಡಿ ಗೊತ್ತಾಯಿತು?' ಅಂತ ಕೇಳಿ. ದೊಡ್ಡ ಸೆಂಟರ್‌ನಲ್ಲೂ ಕೇಳಿ, ಸಣ್ಣ ಅಂಗಡಿಯಲ್ಲೂ ಕೇಳಿ. ಸರಿಯಾದ ಉತ್ತರ ಕೊಟ್ಟವರಿಗೆ ಕೂಲಿ ಕೊಡಿ, ಪಾರ್ಟ್ ಬದಲಾಯಿಸದೇ ಇದ್ದರೂ ಕೊಡಿ.

ನಾವು ಹದಿನೈದು ದಿನ ಬಿಟ್ಟು ಆ ಅಂಗಡಿಗೆ ಹೋದೆವು. ಐವತ್ತು ರೂಪಾಯಿ ಕೊಟ್ಟೆವು. "ಏನಿದು ಸಾ?" ಅಂದರು. "ಬಾಕಿ ಸಾಬ್ರೇ" ಅಂದೆವು. ಅವರು ಅದನ್ನು ಹುಡುಗನ ಕೈಗಿಟ್ಟು, "ಹೋಗಿ ಟೀ ತಗೊಂಬಾ, ನಾಲ್ಕು" ಅಂದರು. ಟೀ ಕುಡಿಯುತ್ತಾ ಕೂತಿದ್ದಾಗ ಟಿ. ನರಸೀಪುರ ಕಡೆಯಿಂದ ಒಂದು ಸ್ಕೂಟರ್ ತಳ್ಳಿಕೊಂಡು ಬಂದರು. ಹೊಸ ಗಾಡಿ. ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ.

"ಬ್ಯಾಟರಿ ಬದಲಾಯಿಸಿಬಿಡಿ ಸಾಬ್ರೇ, ಬೇಗ ಹೋಗ್ಬೇಕು" ಅಂದರು ಬಂದವರು.

"ತಾಳಿ ಗೌಡ್ರೇ. ಮೊದ್ಲು ಕೀ ಆನ್ ಮಾಡಿ, ಕೇಳೋಣ" ಅಂದರು ಉಸ್ತಾದ್.